ಮೆತ್ತನೆಯ ಪೌಡರ್ ಸ್ಕೀ ಆರಿಸುವ ಮುನ್ನ: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಹತ್ತಿರ ಬಂತೆಂದರೆ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರು. ‘ಕಾಶ್ಮೀರದ ಗುಲ್ಮರ್ಗ್‌ಗೆ ಹೊರಟಿದ್ದೀವಿ, ಯಾವ ಸ್ಕೀ ತಗೊಳ್ಳೋದು?’ ಮೈಸೂರು, ಮಂಡ್ಯ ಕಡೆಯ ನಮ್ಮ ಗುಂಪಿನಲ್ಲಿ ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಟ್ಟಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇಲ್ಲಿರುವುದು ಪೌಡರ್ ಸ್ಕೀ, ಅಂದರೆ ಹೊಸದಾಗಿ ಬಿದ್ದ ಪುಡಿ ಹಿಮದಲ್ಲಿ ಇಳಿಯಲು ಮಾಡಿದ ಅಗಲದ ಸ್ಕೀ ಬಗ್ಗೆ ಮಾತ್ರ. ಅದರಲ್ಲೂ ಮೆತ್ತಗೆ ಬಾಗುವ, ಸುಲಭವಾಗಿ ತಿರುಗುವ, ಆಟಕ್ಕೆ ಒಗ್ಗುವ ಸ್ಕೀಗಳ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಅಡಿ ಹಿಮ ಬೀಳುತ್ತದೆ ಎಂದು ಲೆಕ್ಕ ಹಾಕಿ ಸ್ಕೀ ಆರಿಸಲು ಹೋಗಬೇಡಿ. ನೀವು ಸ್ಕೀ ಮೇಲೆ ಹೇಗೆ ನಿಲ್ಲುತ್ತೀರಿ, ತಿರುಗುವಾಗ ಭಾರ ಎಲ್ಲಿ ಹಾಕುತ್ತೀರಿ ಎನ್ನುವುದನ್ನು ನೋಡಿಕೊಳ್ಳಿ. ಮುಂದಿನ ಉತ್ತರಗಳಲ್ಲಿ ಮತ್ತೆ ಮತ್ತೆ ಇದೇ ಮಾತು ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಸೀದಾ ಪೌಡರ್ ಸ್ಕೀ ತಗೊಳ್ಳಲಾ?

ಬೇಡ. ಕಲಿಯುವವರಿಗೆ ಪಾದದ ಕೆಳಗೆ 75ರಿಂದ 85 ಮಿಲಿಮೀಟರ್ ಅಗಲದ ಸ್ಕೀ ಸಾಕು. ಎಡ್ಜ್ (ಸ್ಕೀ ತಳದ ಲೋಹದ ಅಂಚು) ಮೇಲೆ ನಿಲ್ಲುವುದು, ಒಂದು ಎಡ್ಜ್‌ನಿಂದ ಇನ್ನೊಂದಕ್ಕೆ ಹೋಗುವುದು, ಬೇಕೆಂದಾಗ ನಿಲ್ಲುವುದು, ಇವೆಲ್ಲ ಮೊದಲು ಮೈಗೆ ಹತ್ತಬೇಕು. ಅಗಲದ ಸ್ಕೀಯನ್ನು ಎಡ್ಜ್ ಮೇಲೆ ಎತ್ತಲು ಮೊಣಕಾಲಿಗೆ ಜಾಸ್ತಿ ಕೆಲಸ. ತುಳಿದು ಗಟ್ಟಿಯಾದ ಹಿಮದಲ್ಲಂತೂ ಅದು ಜಾರಿಕೊಂಡೇ ಹೋಗುತ್ತದೆ. ಗುಲ್ಮರ್ಗ್‌ನ ಕೆಳಗಿನ ಬಯಲಿನಲ್ಲಿ ಇಳಿಜಾರು ಕಡಿಮೆ, ಕಲಿಯಲು ಒಳ್ಳೆಯ ಜಾಗ. ಅಲ್ಲೇ ಇರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲಿ ಕೋರ್ಸ್‌ಗಳೂ ನಡೆಯುತ್ತವೆ. ಅಲ್ಲಿ ಧೈರ್ಯ ಬಂದ ಮೇಲೆ ಮತ್ತೆ ಈ ಪುಟಕ್ಕೆ ಬನ್ನಿ.

ಪೌಡರ್ ಸ್ಕೀ ಅಂದರೆ ಎಷ್ಟು ಅಗಲ?

ಸ್ಕೀಯ ಅಗಲ ಎಂದರೆ ನಡುವಿನ, ಅಂದರೆ ಬೂಟಿನ ಕೆಳಗಿನ ಅಗಲ. 105ರಿಂದ ಮೇಲೆ ಇದ್ದರೆ ಪೌಡರ್ ಕಡೆಗೆ ವಾಲಿದ ಸ್ಕೀ. 115 ದಾಟಿದರೆ ಪೂರ್ತಿ ಪೌಡರ್ ಸ್ಕೀ. 120ರ ಮೇಲಿನವು ಹೊಸ ಹಿಮ ಬಿದ್ದ ದಿನಕ್ಕೆ ಮೀಸಲು. ಬಹಳಷ್ಟು ಕಂಪನಿಗಳು ಈ ಅಗಲವನ್ನೇ ಹೆಸರಲ್ಲಿ ಸೇರಿಸುತ್ತವೆ. ಅಟಾಮಿಕ್ ಬೆಂಟ್ ಚೆಟ್ಲರ್ 120, ಆರ್ಮಾಡಾ ಎಆರ್‌ವಿ 116 ಜೆಜೆ, ರೊಸಿನ್ಯೋಲ್ ಸೆಂಡರ್ ಫ್ರೀ 118, ಫೋಲ್ಕ್ಲ್ ರಿವೋಲ್ಟ್ 121, ಎಲ್ಲದರಲ್ಲೂ ಆ ಅಂಕಿ ನಡುವಿನ ಮಿಲಿಮೀಟರ್.

ಅಗಲ ಇದ್ದರೆ ಸಾಕಲ್ವಾ? ರಾಕರ್ ಯಾಕೆ ಬೇಕು?

ಮಂಡ್ಯ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ನಾಟಿಗೆ ಮುಂಚೆ ಕೆಸರು ಗದ್ದೆ ಮಟ್ಟ ಮಾಡುವಾಗ ಎತ್ತಿನ ಹಿಂದೆ ಹಲಗೆ ಕಟ್ಟಿ ರೈತ ಅದರ ಮೇಲೆ ನಿಲ್ಲುತ್ತಾನಲ್ಲ, ಅವನ ಕಾಲು ಗಮನಿಸಿ. ಮೈಭಾರ ಕೊಂಚ ಹಿಂದಕ್ಕಿರುತ್ತದೆ. ಮುಂದಕ್ಕೆ ವಾಲಿದರೆ ಹಲಗೆಯ ಅಂಚು ಕೆಸರಿಗೆ ಕಚ್ಚಿಕೊಂಡು ಆಳಕ್ಕೆ ಇಳಿಯುತ್ತದೆ. ಹಿಂದಕ್ಕೆ ಭಾರ ಕೊಟ್ಟರೆ ಅಂಚು ಎದ್ದು ಹಲಗೆ ಮೇಲೆ ಮೇಲೆ ಸಾಗುತ್ತದೆ.

ಹಳೆಯ ಕಿರಿದಾದ, ನೇರ ಸ್ಕೀಗಳಲ್ಲಿ ಆಳದ ಹಿಮಕ್ಕೆ ಇಳಿದವರು ಮಾಡುತ್ತಿದ್ದುದೂ ಅದನ್ನೇ. ಮೂತಿ ಹೂತು ಹೋಗದಂತೆ ಹಿಂದಕ್ಕೆ ವಾಲಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೇ ತೊಡೆ ಬೆಂಕಿ. ರಾಕರ್ ಇರುವ ಸ್ಕೀಯಲ್ಲಿ ಮೂತಿ ಮೊದಲಿನಿಂದಲೇ ಮೇಲಕ್ಕೆ ಬಾಗಿರುತ್ತದೆ. ಕೆಲವದರಲ್ಲಿ ಬಾಲವೂ ಬಾಗಿರುತ್ತದೆ. ನೀವು ನಡುವೆ ಆರಾಮಾಗಿ ನಿಂತರೂ ಸ್ಕೀ ತಾನೇ ಮೇಲೆದ್ದು ಬರುತ್ತದೆ. ಇನ್ನೊಂದು ಲಾಭವೂ ಇದೆ. ಎರಡು ತುದಿಗಳು ಹಿಮಕ್ಕೆ ಕಚ್ಚಿಕೊಳ್ಳದ ಕಾರಣ ಸ್ಕೀಯನ್ನು ಅಡ್ಡಕ್ಕೆ ತಿರುಗಿಸಿ ಜಾರಿಸುವುದು ಸುಲಭ. ಪೌಡರ್‌ನಲ್ಲಿ ಆಟ ಎನ್ನುವುದು ಶುರುವಾಗುವುದೇ ಅಲ್ಲಿಂದ.

1980ರ ದಶಕದ ಕೊನೆಗೆ ಅಟಾಮಿಕ್ ಕಂಪನಿ ಅಗಲದ ಸ್ಕೀ ತಂದಿತ್ತು. ಆಕಾರವೇ ಬದಲಾದದ್ದು ಆಮೇಲೆ. ಶೇನ್ ಮೆಕಾಂಕಿ ಎಂಬ ಸ್ಕೀಯರ್ ಅಲಾಸ್ಕಾದ ಬೆಟ್ಟಗಳಲ್ಲಿ ವಾಟರ್ ಸ್ಕೀ ಕಟ್ಟಿಕೊಂಡು ಇಳಿದು ತೋರಿಸಿದ. ಅವನ ಯೋಚನೆಯಿಂದ 2002ರ ಸುಮಾರಿಗೆ ವೋಲಾಂಟ್ ಕಂಪನಿಯ ಸ್ಪ್ಯಾಚುಲಾ ಬಂತು. ಎರಡೂ ತುದಿ ಮೇಲೆ, ನಡುವೆಯೇ ಹೆಚ್ಚು ಅಗಲ. ಅಲ್ಲಿಯವರೆಗೆ ಎಲ್ಲರೂ ಮಾಡುತ್ತಿದ್ದುದಕ್ಕೆ ಪೂರ್ತಿ ಉಲ್ಟಾ. ಇವತ್ತಿನ ಸ್ಕೀಗಳು ಅಷ್ಟು ಅತಿಗೆ ಹೋಗಿಲ್ಲ. ಹೆಚ್ಚಿನವು ತುದಿಗಳಲ್ಲಿ ರಾಕರ್, ಪಾದದ ಕೆಳಗೆ ಸ್ವಲ್ಪ ಕ್ಯಾಂಬರ್ ಇಟ್ಟುಕೊಂಡಿವೆ. ಕ್ಯಾಂಬರ್ ಎಂದರೆ ನಡುವಿನ ಭಾಗ ನೆಲದಿಂದ ಕೊಂಚ ಎದ್ದಿರುವುದು. ಗಟ್ಟಿ ಹಿಮದಲ್ಲಿ ಹಿಡಿತ ಸಿಗುವುದು ಅದರಿಂದ.

ಮೆತ್ತಗಿದೆ, ಮೆತ್ತಗಿದೆ ಅಂತಾರೆ. ಯಾವ ಭಾಗ ಮೆತ್ತಗಿರಬೇಕು?

ಕೇಳಬೇಕಾದ ಪ್ರಶ್ನೆ ಇದು. ಆದರೆ ಕೇಳುವವರು ಕಡಿಮೆ.

ಮೂತಿ, ನಡು, ಬಾಲ, ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ. ಮೂತಿ ಮೆತ್ತಗಿದ್ದರೆ ಪೌಡರ್‌ನಲ್ಲಿ ಬೇಗ ಮೇಲೇಳುತ್ತದೆ, ನಿಧಾನ ವೇಗದಲ್ಲೂ ತಿರುಗುತ್ತದೆ. ಬಾಲ ಮೆತ್ತಗಿದ್ದರೆ ತಿರುವಿನ ಕೊನೆಯಲ್ಲಿ ಜಾರಿಸಿ ಬಿಡಬಹುದು, ಹಿಂದಕ್ಕೆ ಒರಗಿ ಆಟ ಆಡಬಹುದು. ಆದರೆ ಜಿಗಿದು ಇಳಿದಾಗ ಭಾರ ಹಿಂದಕ್ಕೆ ಹೋದರೆ ಮೆತ್ತನೆ ಬಾಲ ನಿಮ್ಮನ್ನು ಎತ್ತಿ ನಿಲ್ಲಿಸುವುದಿಲ್ಲ, ಕೂರಿಸಿಬಿಡುತ್ತದೆ. ನಡು ಮಾತ್ರ ಯಾವ ಶೈಲಿಯವರಿಗೂ ಗಟ್ಟಿಯಾಗಿಯೇ ಇರಬೇಕು. ನಡುವೂ ಮೆತ್ತಗಿರುವ ಸ್ಕೀ ಅಂಗಡಿಯಲ್ಲಿ ಮಜವಾಗಿ ಕಾಣುತ್ತದೆ, ಬೆಟ್ಟದಲ್ಲಿ ಸುಸ್ತು ಮಾಡಿಸುತ್ತದೆ.

ಕೈಯಲ್ಲೇ ಪರೀಕ್ಷೆ ಮಾಡಬಹುದು. ಸ್ಕೀಯ ಬಾಲವನ್ನು ನೆಲಕ್ಕೆ ಊರಿ, ಒಂದು ಕೈಯಲ್ಲಿ ಮೂತಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಇನ್ನೊಂದು ಅಂಗೈಯಿಂದ ನಡುವಿಗೆ ಒತ್ತಿ. ಬಾಗುವಿಕೆ ಎಲ್ಲಿಂದ ಶುರುವಾಗುತ್ತದೆ ನೋಡಿ. ಒಳ್ಳೆಯ ಆಟದ ಸ್ಕೀಯಲ್ಲಿ ಅದು ತುದಿಯಿಂದ ನಡುವಿನವರೆಗೆ ನಿಧಾನವಾಗಿ ಗಟ್ಟಿಯಾಗುತ್ತಾ ಬರುತ್ತದೆ. ಒಂದೇ ಕಡೆ ಬಾಗಿಲ ಕೀಲು ಹಾಕಿದ ಹಾಗೆ ಮುರಿದು ಬಾಗಿದರೆ ಬಿಟ್ಟುಬಿಡಿ.

ಆಮೇಲೆ ಎರಡೂ ಸ್ಕೀಗಳ ತಳ ಸೇರಿಸಿ ಹಿಡಿಯಿರಿ. ಮೈಸೂರಿನ ಹಳೆ ಮನೆಯ ಜಗಲಿ ಕಲ್ಲು ಇದ್ದರೆ ಒಂದನ್ನು ಅದರ ಮೇಲೆ ಮಲಗಿಸಿದರೂ ಆಯಿತು. ಒಂದು ವಿಸಿಟಿಂಗ್ ಕಾರ್ಡನ್ನು ಮೂತಿಯ ಕಡೆಯಿಂದ ಸ್ಕೀ ಕೆಳಗೆ ತೂರಿಸಿ, ಎಲ್ಲಿಯವರೆಗೆ ಹೋಗುತ್ತದೆ ಗುರುತು ಮಾಡಿ. ಬಾಲದ ಕಡೆಯಿಂದಲೂ ಹಾಗೇ ಮಾಡಿ. ಕಾರ್ಡ್ ನಿಂತ ಎರಡು ಜಾಗಗಳ ನಡುವಿನ ಉದ್ದವೇ ಗಟ್ಟಿ ಹಿಮದಲ್ಲಿ ನಿಮಗೆ ಸಿಗುವ ಎಡ್ಜ್. 184 ಸೆಂಟಿಮೀಟರ್ ಸ್ಕೀಯಲ್ಲೂ ಅದು ಎಷ್ಟು ಚಿಕ್ಕದಿರುತ್ತದೆ ಎಂದು ನೋಡಿದರೆ ಉದ್ದದ ಬಗ್ಗೆ ಇರುವ ಭಯ ಅರ್ಧ ಹೋಗುತ್ತದೆ.

ನನ್ನ ಶೈಲಿ ಯಾವುದು ಅಂತ ನನಗೆ ಗೊತ್ತಾಗೋದು ಹೇಗೆ?

ಗೆಳೆಯರ ಕೈಲಿ ಪಕ್ಕದಿಂದ ಒಂದು ವಿಡಿಯೊ ತೆಗೆಸಿ. ಸುಮ್ನೆ ನಿಮ್ಮ ಮೊಣಕಾಲು ಮತ್ತು ಸೊಂಟ ನೋಡಿ.

ಮೊಣಕಾಲಿನ ಕೆಳಗಿನ ಮೂಳೆಯಿಂದ ಬೂಟಿನ ನಾಲಿಗೆಯನ್ನು ಒತ್ತಿ, ಮೈ ಮುಂದಕ್ಕಿಟ್ಟು ತಿರುವನ್ನು ಮೂತಿಯಿಂದ ಶುರು ಮಾಡುತ್ತೀರಾ? ಹಾಗಿದ್ದರೆ ನೀವು ಮುಂದೊತ್ತಿ ಓಡಿಸುವವರು. ಶಾಸ್ತ್ರೀಯವಾಗಿ ಕಲಿತವರು, ಸಂಸ್ಥೆಗಳಲ್ಲಿ ತರಬೇತಿ ಪಡೆದವರು ಹೆಚ್ಚಾಗಿ ಹೀಗೆ. ಎರಡು ಕಾಲಿನ ಮೇಲೆ ಸಮವಾಗಿ ನಿಂತು, ಪಾದವನ್ನೇ ತಿರುಗಿಸಿ ಸ್ಕೀಯನ್ನು ಅಡ್ಡಕ್ಕೆ ಜಾರಿಸುತ್ತೀರಾ? ಹಾಗಾದರೆ ನಡುವೆ ನಿಲ್ಲುವವರು. ಸ್ಕೇಟಿಂಗ್‌ನಿಂದ, ಸ್ನೋಬೋರ್ಡ್‌ನಿಂದ ಬಂದವರಲ್ಲಿ ಇಂಥವರು ಜಾಸ್ತಿ.

ಇದಕ್ಕೆ ತಕ್ಕಂತೆ ನೋಡಬೇಕಾದ ಅಂಕಿ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಕೂರುವ ಜಾಗ. ಸ್ಕೀಯ ನಟ್ಟನಡುವಿನಿಂದ ಅದು ಎಷ್ಟು ಸೆಂಟಿಮೀಟರ್ ಹಿಂದಿದೆ ಎಂದು ಕಂಪನಿಗಳು ಹೇಳುತ್ತವೆ. ಮೈನಸ್ 2ರಿಂದ ಮೈನಸ್ 5ರ ಒಳಗಿದ್ದರೆ ನಡುವೆ ನಿಲ್ಲುವವರಿಗೆ ಮಾಡಿದ ಸ್ಕೀ. ಮೈನಸ್ 8ರಿಂದ ಆಚೆ ಇದ್ದರೆ ಮುಂದೊತ್ತುವವರಿಗೆ. ಮುಂದೊತ್ತುವವರು ಮೈನಸ್ 3ರ ಮೆತ್ತನೆ ಸ್ಕೀ ಹಾಕಿಕೊಂಡರೆ ಏನಾಗುತ್ತದೆ? ಮುಂದೆ ಒತ್ತಲು ಉದ್ದವೂ ಕಡಿಮೆ, ಬಲವೂ ಕಡಿಮೆ. ಮೂತಿ ಮಡಚಿಕೊಂಡು ಮುಗ್ಗರಿಸುತ್ತಾರೆ. ಆಮೇಲೆ ‘ಈ ಸ್ಕೀನೇ ಸರಿ ಇಲ್ಲ’ ಎಂದು ಬೈಯುತ್ತಾರೆ. ಪೌಡರ್ ಸ್ಕೀ ಬಗ್ಗೆ ನಾನು ಕೇಳುವ ದೂರುಗಳಲ್ಲಿ ಬಹುಪಾಲು ಈ ಒಂದು ಜೋಡಣೆ ತಪ್ಪಿದ್ದರಿಂದ ಬಂದದ್ದು. ಅಗಲದಿಂದಲೂ ಅಲ್ಲ, ಬ್ರ್ಯಾಂಡಿನಿಂದಲೂ ಅಲ್ಲ.

ತೇಲಿಕೊಂಡು, ಅಡ್ಡ ಜಾರಿಸಿ ಹಿಮ ಎರಚುತ್ತಾ ಇಳಿಯುವುದು ನನಗಿಷ್ಟ. ಯಾವುದು?

116ರಿಂದ 122 ಅಗಲ, ಎರಡೂ ತುದಿಯಲ್ಲಿ ಧಾರಾಳ ರಾಕರ್, ಮೆತ್ತನೆ ಮೂತಿ, ಅಗಲದ ಭಾಗ ತುದಿಯಿಂದ ಪಾದದ ಕಡೆಗೆ ಸರಿದಿರುವ ಆಕಾರ. ಬೆಂಟ್ ಚೆಟ್ಲರ್ 120 ಈ ಗುಂಪಿನ ಹೆಸರಾಂತ ಸ್ಕೀ. ಹಗುರ, ನಿಧಾನವಾಗಿ ಹೋದರೂ ಬೇಸರ ಮಾಡುವುದಿಲ್ಲ. ಎಆರ್‌ವಿ 116 ಜೆಜೆ ಕೊಂಚ ಕಿರಿದು, ಆದರೆ ಹೊಸ ಹಿಮ ಇಲ್ಲದ ದಿನವೂ ನಡೆಯುತ್ತದೆ. ಬ್ಲ್ಯಾಕ್ ಕ್ರೋಸ್ ನೋಕ್ಟಾ ಇನ್ನೂ ಒಂದು ಹೆಜ್ಜೆ ಮುಂದೆ. ಪಾದದ ಕೆಳಗೆ ಕ್ಯಾಂಬರ್ ಇಲ್ಲದೆ ಪೂರ್ತಿ ಬಾಗಿದ ತಳ. ಆಳದ ಹಿಮದಲ್ಲಿ ಅದರ ಮಜವೇ ಬೇರೆ. ಆದರೆ ಗಟ್ಟಿ ದಾರಿಯಲ್ಲಿ ಹೋಟೆಲಿಗೆ ವಾಪಸ್ ಬರುವಾಗ ಸ್ವಲ್ಪ ತಾಳ್ಮೆ ಬೇಕು.

ಜಿಗಿಯುವುದು, ಗಾಳಿಯಲ್ಲಿ ಸುತ್ತುವುದು, ಹಿಂದುಮುಂದಾಗಿ ಇಳಿಯುವುದು ನನ್ನ ಹುಚ್ಚು.

ಬಾಲವೂ ಮೂತಿಯಷ್ಟೇ ಎದ್ದಿರುವ ಟ್ವಿನ್ ಟಿಪ್ ಬೇಕೇ ಬೇಕು. ಇಲ್ಲದಿದ್ದರೆ ಹಿಂದುಮುಂದಾಗಿ ಪೌಡರ್‌ಗೆ ಇಳಿದ ಕೂಡಲೇ ಬಾಲ ಹೂತು ಬೀಳುತ್ತೀರಿ. ಬೈಂಡಿಂಗ್ ನಡುವಿಗೆ ಹತ್ತಿರ ಇರಲಿ. ತುದಿಗಳು ಹಗುರ ಇದ್ದರೆ ಗಾಳಿಯಲ್ಲಿ ತಿರುಗುವುದು ಸುಲಭ. ಆದರೆ ಇಲ್ಲಿ ತೀರಾ ಮೆತ್ತನೆಯದು ಬೇಡ. ಬಂಡೆ ಮೇಲಿಂದ ಜಿಗಿಯುವವರಿಗೆ ಇಳಿಯುವಾಗ ಆಸರೆ ಕೊಡುವ ಬಾಲ ಬೇಕು. ರಿವೋಲ್ಟ್ 121 ಈ ಕಡೆಗೆ ವಾಲಿದ ಸ್ಕೀ. ಕೆ2 ರೆಕನರ್ ಸಾಲಿನ ಅಗಲದವು ಇನ್ನೂ ಮೆತ್ತಗೆ, ಜಿಗಿಯುವುದಕ್ಕಿಂತ ನೆಲದ ಮೇಲೆ ಬಾಗಿಸಿ ಆಡುವವರಿಗೆ ಸರಿ.

ಮರಗಳ ನಡುವೆ ಹೋಗೋರಿಗೆ?

ಗುಲ್ಮರ್ಗ್‌ನಲ್ಲಿ ಬಿರುಗಾಳಿ ಇದ್ದ ದಿನ ಗೊಂಡೊಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರ್‌ನ) ಮೇಲಿನ ಹಂತ ಮುಚ್ಚಿರುತ್ತದೆ. ಆಗ ಎಲ್ಲರೂ ಮರಗಳ ಕಡೆಗೇ. ಮೇಲೆ ಭೂರ್ಜ ಮರಗಳು, ಕೆಳಗೆ ಬಾಬಾ ರೇಶಿ, ದ್ರಂಗ್, ತಂಗ್‌ಮರ್ಗ್ ಕಡೆಗೆ ಇಳಿಯುತ್ತಾ ದಟ್ಟ ಪೈನ್ ಮತ್ತು ಫರ್. ಅಲ್ಲಿ ತಕ್ಷಣ ತಿರುಗುವ ಸ್ಕೀ ಬೇಕು. 106ರಿಂದ 112 ಅಗಲ, ನಿಮ್ಮ ತಲೆ ಎತ್ತರದ ಉದ್ದ, ಹಗುರ ತುದಿಗಳು. ಅಟಾಮಿಕ್ ಬೆಂಟ್ 110 ಅಂಥದ್ದು. ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಡಿ. ಕೊಂಬೆಗೆ ಕೋಲು ಸಿಕ್ಕಿದರೆ ಭುಜಕ್ಕೇ ಪೆಟ್ಟು.

ನಾನು ಜೋರಾಗಿ, ಉದ್ದುದ್ದ ತಿರುವು ಹಾಕೋನು. ಮೆತ್ತನೆ ಸ್ಕೀ ಸರಿಹೋಗುತ್ತಾ?

ಅರ್ಧ ಸರಿಹೋಗುತ್ತದೆ. ಹೊಸ ಹಿಮದಲ್ಲಿ ಯಾವ ತೊಂದರೆಯೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಇಳಿದು ಹಿಮ ಗುಡ್ಡೆ ಗುಡ್ಡೆಯಾದಾಗ ಹಗುರ, ಮೆತ್ತನೆ ಮೂತಿ ಪ್ರತಿ ಗುಡ್ಡೆಗೂ ಅತ್ತಿತ್ತ ಒದ್ದಾಡುತ್ತದೆ. ನಿಮ್ಮಂಥವರಿಗೆ ಆಕಾರ ಆಟದ್ದು, ಮೈ ಮಾತ್ರ ಗಟ್ಟಿಯದು ಬೇಕು. ಮೊಮೆಂಟ್ ವೈಲ್ಡ್‌ಕ್ಯಾಟ್, ಸೆಂಡರ್ ಫ್ರೀ 118 ಈ ಜಾತಿಯವು. ತೂಕವನ್ನೂ ನೋಡಿ. ಈ ಅಗಲದಲ್ಲಿ ಹಗುರ ಸ್ಕೀ ಒಂದಕ್ಕೆ 1,800 ಗ್ರಾಂ ಆಸುಪಾಸು, ಭಾರದವು 2,200 ಗ್ರಾಂ ದಾಟುತ್ತವೆ. ವೇಗ ಬೇಕೆನ್ನುವವರಿಗೆ ಆ ಹೆಚ್ಚುವರಿ ತೂಕ ಒಳ್ಳೆಯದೇ ಮಾಡುತ್ತದೆ. ಒಳಗೆ ಪೌಲೋನಿಯಾದಂಥ ಹಗುರ ಮರ ಮಾತ್ರ ಇದೆಯಾ, ಆ್ಯಶ್‌ನಂಥ ಗಟ್ಟಿ ಮರ ಸೇರಿಸಿದ್ದಾರಾ, ಟೈಟಾನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ ಇದೆಯಾ ಎಂದೂ ಕೇಳಿ. ನಡುಕ ಕಡಿಮೆ ಮಾಡುವುದು ಇವೇ.

ಗೊಂಡೊಲಾ ಬಿಟ್ಟು ನಡೆದು ಹತ್ತಬೇಕು ಅಂತಿದೀನಿ.

ಹಾಗಾದರೆ ತೂಕವೇ ಮೊದಲ ಲೆಕ್ಕ. ಹತ್ತುವಾಗ ತಳಕ್ಕೆ ಅಂಟಿಸುವ ಸ್ಕಿನ್ ಸ್ಕೀಯ ಅಗಲಕ್ಕೆ ಕತ್ತರಿಸಿದ್ದಿರಬೇಕು. 115 ದಾಟಿದ ಸ್ಕೀಗೆ ಸ್ಕಿನ್ನೂ ಭಾರ, ಅಡ್ಡ ಇಳಿಜಾರಿನಲ್ಲಿ ಹತ್ತುವಾಗ ಜಾರುವುದೂ ಜಾಸ್ತಿ. 105–110ರಲ್ಲಿ ಹಗುರವಾದದ್ದು ನೋಡಿಕೊಳ್ಳಿ.

ಎಲ್ಲಾ ಸರಿ, ಗುಲ್ಮರ್ಗ್‌ಗೆ ಒಂದೇ ಜೊತೆ ಅಂದ್ರೆ ಯಾವ ಅಗಲ?

108ರಿಂದ 116. ಕಾರಣ ಹೇಳುತ್ತೇನೆ.

ಅಲ್ಲಿನ ಗೊಂಡೊಲಾ ಎರಡು ಹಂತದ್ದು. ಸುಮಾರು 2,650 ಮೀಟರ್ ಎತ್ತರದ ಗುಲ್ಮರ್ಗ್‌ನಿಂದ ಕೊಂಗ್‌ಡೂರಿಗೆ ಮೊದಲ ಹಂತ, ಅಲ್ಲಿಂದ ಅಫರ್ವಟ್ ಬೆಟ್ಟದ ಭುಜಕ್ಕೆ 2005ರಲ್ಲಿ ಶುರುವಾದ ಎರಡನೇ ಹಂತ. ಮೇಲೆ ಇಳಿದಾಗ ನೀವು ಸುಮಾರು 3,950 ಮೀಟರ್ ಎತ್ತರದಲ್ಲಿ ಇರುತ್ತೀರಿ. ಮೈಸೂರಿನ ಐದು ಪಟ್ಟು. ಪಶ್ಚಿಮದಿಂದ ಬರುವ ಮಾರುತಗಳು ಪೀರ್ ಪಂಜಾಲ್ ಸಾಲಿಗೆ ಬಡಿದು ಹಿಮ ಸುರಿಸುತ್ತವೆ. ಸುರಿದರೆ ಮೊಣಕಾಲು, ತೊಡೆ ಮಟ್ಟ. ಆದರೆ ಒಂದು ಸುತ್ತಿನ ಹಿಮಕ್ಕೂ ಮುಂದಿನದಕ್ಕೂ ನಡುವೆ ಎಷ್ಟೋ ದಿನ ಬಿಸಿಲೇ ಇರಬಹುದು. ಡಿಸೆಂಬರ್ 21ರಿಂದ ನಲವತ್ತು ದಿನದ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಕಾಲದಲ್ಲೂ ಹಿಮ ಕೈಕೊಟ್ಟದ್ದಿದೆ. 2024ರ ಜನವರಿಯಲ್ಲಿ ಗುಲ್ಮರ್ಗ್ ತಿಂಗಳ ಬಹುಭಾಗ ಬರಿ ನೆಲ ಕಾಣಿಸುತ್ತಾ ಕೂತಿತ್ತು.

ಹೊಸ ಹಿಮ ಬಿದ್ದು ಮೇಲಿನ ಹಂತ ತೆರೆದ ದಿನ ಸಾಲು ನೋಡಬೇಕು ನೀವು. ಗೊಂಡೊಲಾದ ಕೆಳಗಿನ ದೊಡ್ಡ ಬೋಗುಣಿಯಲ್ಲಿ ಒಂದೆರಡು ದಿನದಲ್ಲಿ ಮುಟ್ಟದ ಹಿಮ ಉಳಿಯುವುದಿಲ್ಲ. ಆಮೇಲೆ ಸಿಗುವುದು ಕತ್ತರಿಸಿದ ಹಿಮ, ಗಾಳಿಗೆ ಗಟ್ಟಿಯಾದ ಪದರ, ಕೆಳಗೆ ಉಬ್ಬು ತಗ್ಗು. ಮೈಸೂರಿನಿಂದ ಒಂದು ವಾರ ರಜೆ ಹಾಕಿ ಹೋದವರಿಗೆ ಇಂಥ ದಿನಗಳೇ ಹೆಚ್ಚು ಸಿಗುತ್ತವೆ. 122ರ ಸ್ಕೀ ಒಂದು ದಿನ ಸ್ವರ್ಗ ತೋರಿಸಿ ಮಿಕ್ಕ ದಿನ ಮೊಣಕಾಲು ನೋಯಿಸುತ್ತದೆ. ಆ ಒಂದು ದಿನಕ್ಕೆ ಅಂಥದ್ದನ್ನು ಬಾಡಿಗೆಗೆ ತಗೊಂಡರೆ ಆಯಿತು.

ಉದ್ದ ಎಷ್ಟಿರಬೇಕು?

ರಾಕರ್ ಜಾಸ್ತಿ ಇದ್ದರೆ ತಲೆಗಿಂತ 5ರಿಂದ 10 ಸೆಂಟಿಮೀಟರ್ ಉದ್ದ ತಗೊಳ್ಳಬಹುದು. ಎತ್ತರಕ್ಕಿಂತ ತೂಕವನ್ನು ಜಾಸ್ತಿ ನಂಬಿ. ಪಾಂಡವಪುರದ ನಮ್ಮ ಗೆಳೆಯನೊಬ್ಬ ಆರಡಿ ಎತ್ತರ, ಆದರೆ ತೂಕ ಅರವತ್ತು ಕಿಲೋ ಕೂಡ ಇಲ್ಲ. ಅಂಗಡಿಯವರು ಎತ್ತರ ನೋಡಿ 190 ದಾಟಿದ್ದನ್ನು ಕೊಟ್ಟರು. ಅವನ ಭಾರಕ್ಕೆ ಸ್ಕೀ ಬಾಗಲೇ ಇಲ್ಲ. 184ಕ್ಕೆ ಇಳಿದ ಮೇಲೆ ಮುಖದಲ್ಲಿ ನಗು ಬಂತು. ಮೆತ್ತನೆ ಸ್ಕೀಯ ಲಾಭ ಸಿಗುವುದು ನಿಮ್ಮ ತೂಕಕ್ಕೆ ಅದು ಬಾಗಿದಾಗ ಮಾತ್ರ. ಅದೇ ಲೆಕ್ಕದಲ್ಲಿ 90 ಕಿಲೋ ಇರುವವರಿಗೆ ಮೆತ್ತನೆ ಸ್ಕೀ ಇನ್ನೂ ಮೆತ್ತಗಾಗುತ್ತದೆ. ಅವರು ಒಂದು ದರ್ಜೆ ಗಟ್ಟಿಯದನ್ನೇ ನೋಡಬೇಕು.

ಹೆಂಗಸರ ಸ್ಕೀ ಬೇರೆನಾ?

ಎಷ್ಟೋ ಮಾದರಿಗಳಲ್ಲಿ ಬಣ್ಣ ಬೇರೆ, ಉದ್ದ ಕಡಿಮೆ, ಅಷ್ಟೇ. ನಿಮ್ಮ ತೂಕಕ್ಕೆ ಹೊಂದುವ ಉದ್ದ ಎಲ್ಲಿ ಸಿಗುತ್ತದೋ ಅದನ್ನು ತಗೊಳ್ಳಿ.

ಬೈಂಡಿಂಗ್, ಬೂಟ್ ವಿಷಯದಲ್ಲಿ ಏನು ನೋಡಬೇಕು?

ಬ್ರೇಕ್ ಅಗಲ ಮೊದಲು. ಬಿಚ್ಚಿಕೊಂಡ ಸ್ಕೀ ಜಾರಿ ಹೋಗದಂತೆ ತಡೆಯುವ, ಬೈಂಡಿಂಗ್‌ನ ಎರಡು ಕಡ್ಡಿಗಳೇ ಬ್ರೇಕ್. 116ರ ಸ್ಕೀಗೆ 120ರ ಬ್ರೇಕ್ ಸರಿ. 100ರದ್ದು ಕೆಳಗಿಳಿಯುವುದೇ ಇಲ್ಲ, 135ರದ್ದು ಅಂಚಿನಾಚೆ ಚಾಚಿ ಹಿಮಕ್ಕೆ ತಗಲುತ್ತದೆ. ಬೂಟಿನ ತಳ ಗ್ರಿಪ್‌ವಾಕ್ (ನಡೆಯಲು ಅನುಕೂಲವಾಗುವಂತೆ ಬಾಗಿದ ರಬ್ಬರ್ ತಳ) ಆಗಿದ್ದರೆ ಬೈಂಡಿಂಗ್ ಅದನ್ನು ಒಪ್ಪುತ್ತದಾ ನೋಡಿ, ಹಳೆಯವು ಎಲ್ಲವೂ ಒಪ್ಪುವುದಿಲ್ಲ. ಬಿಡುಗಡೆಯ ಅಂಕಿ, ಅಂದರೆ ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಎನ್ನುವುದು, ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ನಿಮ್ಮ ಮಟ್ಟ ಇಷ್ಟನ್ನು ನೋಡಿ ಇಡುವುದು. ಜಂಬಕ್ಕೆ ಏರಿಸಿಕೊಂಡವರ ಮೊಣಕಾಲಿನ ಲಿಗಮೆಂಟ್ ಕಥೆಗಳು ಬೇಕಾದಷ್ಟಿವೆ.

ದುಡ್ಡು ಒಂದಕ್ಕೇ ಸಾಕಾಗುವಷ್ಟಿದ್ದರೆ ಬೂಟ್ ಕೊಳ್ಳಿ, ಸ್ಕೀ ಬಾಡಿಗೆಗೆ ತಗೊಳ್ಳಿ. ಬಾಡಿಗೆ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತಿದ್ದರೆ ಎಂಥ ಸ್ಕೀ ಹಾಕಿದರೂ ನಿಮ್ಮ ಮಾತು ಅದಕ್ಕೆ ತಲುಪುವುದಿಲ್ಲ.

ಕೊಳ್ಳೋದಾ, ಬಾಡಿಗೆಗಾ? ರೇಟ್ ಎಷ್ಟಾಗುತ್ತೆ?

ಹೊಸ ಪೌಡರ್ ಸ್ಕೀಗೆ ವಿದೇಶದಲ್ಲಿ ಸುಮಾರು 700ರಿಂದ 900 ಡಾಲರ್. ಬೈಂಡಿಂಗ್ ಬೇರೆ. ತರಿಸಿಕೊಂಡರೆ ಸಾಗಣೆ, ಕಸ್ಟಮ್ಸ್ ಸುಂಕ ಅದರ ಮೇಲೆ. ವರ್ಷಕ್ಕೆ ಒಂದೇ ವಾರ ಹೋಗುವವರಿಗೆ ಇದು ಲೆಕ್ಕಕ್ಕೆ ಕೂರುವುದಿಲ್ಲ. ಗುಲ್ಮರ್ಗ್‌ನಲ್ಲಿ ಅಗಲದ ಸ್ಕೀ ಇಟ್ಟಿರುವ ಬಾಡಿಗೆ ಅಂಗಡಿಗಳಿವೆ. ಹೋಗುವ ಮೊದಲೇ ಫೋನ್ ಮಾಡಿ ಅಗಲ, ಉದ್ದ, ಬೂಟಿನ ಅಳತೆ ಹೇಳಿಡಿ. ಬೇರೆ ದಿನ ಬೇರೆ ಸ್ಕೀ ಕೇಳಿ ಪಡೆಯಿರಿ. ಒಂದು ವಾರದಲ್ಲಿ ಎರಡು ಮೂರು ಜಾತಿ ಹಾಕಿ ನೋಡಿದರೆ ನಿಮ್ಮ ಶೈಲಿ ನಿಮಗೇ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಳೇ ಬೈಂಡಿಂಗ್ ತೂತುಗಳನ್ನು ಎಣಿಸಿ. ಎರಡು ಸಲ ಕೊರೆದದ್ದಾದರೆ ಸರಿ, ಮೂರನೆಯದು ಬೇಡ. ಎಡ್ಜ್ ಉದ್ದಕ್ಕೂ ಬೆರಳಾಡಿಸಿ ಬಿರುಕು ನೋಡಿ. ತಳದ ಗೀರು ತುಂಬಿಸಬಹುದು, ಬಿರಿದ ಎಡ್ಜ್ ರಿಪೇರಿ ಆಗುವ ಕೆಲಸ ಅಲ್ಲ.

ಮೈಸೂರಿನಿಂದ ಅಷ್ಟು ಉದ್ದದ ಬ್ಯಾಗ್ ಒಯ್ಯೋದು ಹೇಗೆ?

ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಬೆಂಗಳೂರು ಏರ್‌ಪೋರ್ಟಿಗೆ ಹೋಗಿ. ಲಗೇಜ್ ತುಂಬುವ ಮುಂಚೆ ಕಂಡಕ್ಟರ್ ಹತ್ತಿರ ಒಂದು ಮಾತು ಹೇಳಿ, ಬ್ಯಾಗನ್ನು ಕೆಳಗಿನ ಜಾಗದಲ್ಲಿ ಅಡ್ಡಕ್ಕೆ ಇಡಿಸಿ. ಮೀನು ಹಿಡಿಯುವ ಸಾಮಾನಾ ಎಂದು ಕೇಳುತ್ತಾರೆ, ನಕ್ಕು ಹೂಂ ಅನ್ನಿ. ವಿಮಾನದವರ ಕ್ರೀಡಾ ಸಾಮಗ್ರಿ ನಿಯಮ ಟಿಕೆಟ್ ಮಾಡುವಾಗಲೇ ಓದಿಕೊಳ್ಳಿ. ಶ್ರೀನಗರದಿಂದ ಗುಲ್ಮರ್ಗ್ ಸುಮಾರು 50 ಕಿಲೋಮೀಟರ್. ತಂಗ್‌ಮರ್ಗ್‌ನಿಂದ ಮೇಲೆ ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಹಾಕಿದ ಗಾಡಿಯೇ ಆಗಬೇಕು.

ಅಗಲದ ಸ್ಕೀ ಇದ್ರೆ ಹಿಮಕುಸಿತದಲ್ಲಿ ಬಚಾವ್ ಆಗಬಹುದಾ?

ಇಲ್ಲ. ಯಾವ ಸ್ಕೀಯೂ ಕಾಪಾಡುವುದಿಲ್ಲ. ಸುಲಭವಾಗಿ ತೇಲುವ ಸ್ಕೀ ಬಂದ ಮೇಲೆ ಅನುಭವ ಕಡಿಮೆ ಇರುವವರೂ ಕಡಿದಾದ ಜಾಗಗಳಿಗೆ ಹೋಗುವಂತಾಗಿದೆ, ಅದೇ ಭಯ. 2023ರ ಫೆಬ್ರುವರಿ 1ರಂದು ಅಫರ್ವಟ್‌ನ ಹಾಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರುವರಿ 22ರಂದು ಖಿಲನ್‌ಮರ್ಗ್ ಕಡೆ ರಷ್ಯಾದ ಒಬ್ಬರು. ಸ್ಕೀ ಪ್ಯಾಟ್ರೋಲ್‌ನ ಕಾವಲಿನವರು ನೋಡಿಕೊಳ್ಳುವುದು ಗೊಂಡೊಲಾ ಸುತ್ತಲಿನ ಭಾಗ ಮಾತ್ರ. ಆ ಭಾಗದ ಗಡಿ ದಾಟಿದರೆ ನಿಮ್ಮ ಜವಾಬ್ದಾರಿ.

457 ಕಿಲೋಹರ್ಟ್ಸ್ ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಈ ಮೂರು ಪ್ರತಿಯೊಬ್ಬರ ಬಳಿ ಇರಬೇಕು. ಬೀಕನ್ ಕೋಟಿನ ಒಳಗೆ, ಆನ್ ಆಗಿ. ಗುಂಪಿನಲ್ಲಿ ಒಬ್ಬರ ಬಳಿ ಇದ್ದರೆ ಸಾಕು ಎನ್ನುವವರ ಜೊತೆ ಮೇಲಕ್ಕೆ ಹೋಗಬೇಡಿ. ಅಭ್ಯಾಸಕ್ಕೆ ಹಿಮ ಬೇಕಿಲ್ಲ. ಮನೆ ಹತ್ತಿರದ ಯಾವುದೇ ಮೈದಾನದಲ್ಲಿ ಬೀಕನ್ ಒಂದನ್ನು ತರಗೆಲೆ ಕೆಳಗೆ ಬಚ್ಚಿಟ್ಟು ಹುಡುಕಿ. ಸ್ಥಳೀಯ ಗೈಡ್ ಖರ್ಚನ್ನು ಮಾತ್ರ ಉಳಿಸಲು ಹೋಗಬೇಡಿ.

ಪೌಡರ್‌ನಲ್ಲಿ ಬಿದ್ದಾಗ ಸ್ಕೀ ಕಳೆದುಹೋಗುತ್ತಂತೆ, ನಿಜಾನಾ?

ನಿಜ. ಸ್ಕೀ ಬಿಚ್ಚಿಕೊಂಡು ಹಿಮದೊಳಗೆ ನುಗ್ಗಿದರೆ ಮೇಲೆ ಗುರುತೂ ಇರುವುದಿಲ್ಲ. ನೀವು ಉರುಳಿ ನಿಂತ ಜಾಗದಲ್ಲಿ ಹುಡುಕಬೇಡಿ. ಬಿಚ್ಚಿಕೊಂಡ ಜಾಗ ಮೇಲಿರುತ್ತದೆ. ಅಲ್ಲಿಗೆ ಹತ್ತಿ, ಕೋಲು ನೆಟ್ಟು, ಉಳಿದ ಒಂದು ಸ್ಕೀಯ ಬಾಲದಿಂದ ಇಳಿಜಾರಿಗೆ ಅಡ್ಡಲಾಗಿ ಗೆರೆ ಎಳೆದ ಹಾಗೆ ಕೊಯ್ಯುತ್ತಾ ಬನ್ನಿ. ಗಟ್ಟಿಯಾಗಿ ತಗಲಿದರೆ ಸಿಕ್ಕಿತು. ಬೈಂಡಿಂಗ್‌ಗೆ ಕಟ್ಟಿ ಪ್ಯಾಂಟಿನೊಳಗೆ ಸುತ್ತಿಡುವ ಬಣ್ಣದ ಉದ್ದ ರಿಬ್ಬನ್ ಸಿಗುತ್ತದೆ. ಸ್ಕೀ ಹೋದರೆ ಅದು ಬಿಚ್ಚಿಕೊಂಡು ಗುರುತು ತೋರಿಸುತ್ತದೆ. ದೇವರಾಜ ಮಾರ್ಕೆಟ್ ಸುತ್ತಮುತ್ತ ಸಿಗುವ ನೈಲಾನ್ ಟೇಪಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದು.

ಮೈಸೂರಲ್ಲಿ ಕಾಲು ತಯಾರು ಮಾಡೋದು ಹೇಗೆ?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆಯಲ್ಲ. ಹತ್ತುವುದು ದಮ್ಮಿಗೆ, ಇಳಿಯುವುದು ತೊಡೆಗೆ. ಸ್ಕೀಗೆ ಬೇಕಾದ್ದು ಇಳಿಯುವಾಗಿನ ಕೆಲಸ, ಅಂದರೆ ಭಾರ ತಡೆದು ನಿಧಾನಕ್ಕೆ ಬಗ್ಗುವುದು. ನಂದಿಯಿಂದ ಕೆಳಕ್ಕೆ ಕೈ ಬೀಸದೆ, ಓಡದೆ, ಪ್ರತಿ ಮೆಟ್ಟಿಲಲ್ಲೂ ಮೊಣಕಾಲು ಬಗ್ಗಿಸಿ ಇಳಿಯಿರಿ. ಮೊದಲ ವಾರ ಮಾರನೇ ದಿನ ಮನೆ ಮೆಟ್ಟಿಲು ಇಳಿಯಲೂ ಆಗುವುದಿಲ್ಲ, ಗಾಬರಿ ಬೇಡ. ಎತ್ತರಕ್ಕೆ ಮಾತ್ರ ಇದು ಅಭ್ಯಾಸ ಆಗದು. ಗುಲ್ಮರ್ಗ್ ತಲುಪಿದ ಮೊದಲ ದಿನವೇ ಎರಡನೇ ಹಂತಕ್ಕೆ ಹೋಗಬೇಡಿ. ತಲೆನೋವು, ವಾಂತಿ ಬಂದರೆ ಕೆಳಗೆ ಇಳಿಯುವುದೇ ಔಷಧ.

ಊರಿಗೆ ವಾಪಸ್ ತಂದ ಮೇಲೆ ಸ್ಕೀ ಎಲ್ಲಿ ಇಡಬೇಕು?

ಶೀಟ್ ಮನೆಯ ಅಟ್ಟದ ಮೇಲೆ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗೆ ಕಾದು ಅಂಟು ಬಿಡಬಹುದು. ಒಳಗಿನ ಕೋಣೆಯ ಗೋಡೆಗೆ ಒರಗಿಸಿ ಅಥವಾ ಮಲಗಿಸಿ ಇಡಿ. ಎರಡು ಸ್ಕೀ ಸೇರಿಸಿ ಬಿಗಿಯಾಗಿ ಕಟ್ಟಬೇಡಿ, ಕ್ಯಾಂಬರ್ ಸತ್ತುಹೋಗುತ್ತದೆ.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲದ ತೇವ. ಪ್ರಯಾಣದ ಬ್ಯಾಗಿನಲ್ಲೇ ಬಿಟ್ಟರೆ ಜುಲೈ ಹೊತ್ತಿಗೆ ಎಡ್ಜ್ ಪೂರಾ ಕಂದು. ತಂದ ದಿನವೇ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ, ತಳಕ್ಕೂ ಎಡ್ಜ್‌ಗೂ ದಪ್ಪಗೆ ವ್ಯಾಕ್ಸ್ ಹಚ್ಚಿ ಕೆರೆಯದೆ ಹಾಗೇ ಬಿಡಿ. ಹೊರಡುವ ವಾರ ಕೆರೆದು, ಚಳಿಯ ಹಿಮಕ್ಕೆ ಒಗ್ಗುವ ಗಟ್ಟಿ ವ್ಯಾಕ್ಸ್ ಹಚ್ಚಿಕೊಳ್ಳಿ. ವ್ಯಾಕ್ಸ್‌ಗೆ ಬಟ್ಟೆಯ ಹಳೇ ಇಸ್ತ್ರಿಪೆಟ್ಟಿಗೆ ನಡೆಯುತ್ತದೆ, ಹೊಗೆ ಬರದಷ್ಟು ಬಿಸಿ ಇರಲಿ. ಆ ಪೆಟ್ಟಿಗೆಯನ್ನು ಮತ್ತೆ ಬಟ್ಟೆಗೆ ಬಳಸಬೇಡಿ, ಬಿಳಿ ಪಂಚೆಗಂತೂ ಹತ್ತಿರ ತರಬೇಡಿ.